ಶನಿವಾರಕ್ಕೆ ಎರಡು ತಟ್ಟೆ ಇಟ್ಟಿರುತ್ತೇನೆ

ಮಾನ್ಯ ಮಾಜಿ ರಾಷ್ಟ್ರಾಧ್ಯಕ್ಷರೇ,

ಕಳೆದ ಸೋಮವಾರ ಬೆಳಿಗ್ಗೆ ನಿಮ್ಮ ಆಪ್ತ ಕಾರ್ಯದರ್ಶಿಯವರು ನನಗೆ ಫೋನ್ ಮಾಡಿದ್ದರು. ತಾವು ಚಿಕಿತ್ಸೆಗೆಂದು ಬೆಂಗಳೂರಿಗೆ ಬಂದು ಇಂದಿರಾನಗರದಲ್ಲಿ ಇಳಿದುಕೊಂಡಿದ್ದೀರಂತೆ. ವಿದ್ಯಾರ್ಥಿಯಾಗಿದ್ದಾಗ ನಾಲ್ಕು ವರ್ಷ ಬಾಡಿಗೆಗಿದ್ದ ಲಿಂಗರಾಜಪುರದ ನಮ್ಮ ಮನೆಯನ್ನು ನೋಡಬೇಕೆಂಬ ಆಸೆ ತಮಗೆ ಬಹಳವಾಗಿದೆಯಂತೆ. ಶನಿವಾರ ಹನ್ನೊಂದು ಗಂಟೆಗೆ ಬಂದು, ಹಿಂದೆ ಕೂರುತ್ತಿದ್ದ ಹಾಗೆಯೇ ಅಡುಗೆಮನೆಯ ಬಾಗಿಲಲ್ಲಿ ಚಾಪೆ ಹಾಕಿಕೊಂಡು ಕೂತು, ಬಿಸಿ ಜೋಳದ ರೊಟ್ಟಿ ತಿನ್ನುತ್ತೀರಂತೆ. ಜೊತೆಗೆ ಇಬ್ಬರು ಫೋಟೋಗ್ರಾಫರುಗಳು ಬರುತ್ತಾರೆ, ನಾನು ಇಳಕಲ್ ಸೀರೆ ಉಟ್ಟುಕೊಂಡರೆ ಚೆನ್ನಾಗಿ ಕಾಣುತ್ತದೆ ಎಂಬ ಸಲಹೆಯೂ ಬಂತು. "ಸಾರ್ ತುಂಬಾ ಎಮೋಷನಲ್ ಆಗ್ಬಿಟ್ಟಿದ್ದಾರೆ ಮೇಡಂ, ನೀವು ಇಲ್ಲ ಅನ್ಬಾರ್ದು" ಎಂದರು.

ಇಲ್ಲ ಅನ್ನುವುದಿಲ್ಲ, ಬನ್ನಿ. ಆದರೆ ಹೊಸ್ತಿಲು ದಾಟುವ ಮೊದಲು ಒಂದು ಪ್ರಶ್ನೆಗೆ ಉತ್ತರ ಹೇಳಬೇಕು. ನಿಮ್ಮ ಜೊತೆ ಆ ಮನೆಯಲ್ಲಿದ್ದ, ನಿಮ್ಮದೇ ದೇಶದ ಕ್ಲೆಮಂಟ್ ಎಲ್ಲಿದ್ದಾನೆ? ಹನ್ನೊಂದು ವರ್ಷಗಳ ಹಿಂದೆ, ನೀವು ಕಳಿಸಿದ ಕಾರು ಹತ್ತಿದ ಮೇಲೆ ಅವನು ಏನಾದ? ಬದುಕಿದ್ದರೆ ಯಾವ ಊರಲ್ಲಿದ್ದಾನೆ, ಸತ್ತಿದ್ದರೆ ಯಾವ ಮಣ್ಣಿನಲ್ಲಿದ್ದಾನೆ?

ಇದನ್ನು ನಾಲ್ಕು ಜನರ ಮುಂದೆ ಕೇಳುವ ಇರಾದೆ ನನಗಿರಲಿಲ್ಲ. ಮಂಗಳವಾರ ಶಾಲೆ ಬಿಟ್ಟ ಮೇಲೆ ಹಲಸೂರಿನಿಂದ ಆಟೋ ಹಿಡಿದು, ನೂರಡಿ ರಸ್ತೆಯ ಹಿಂಬದಿಯಲ್ಲಿರುವ ನಿಮ್ಮ ಬಿಡಾರಕ್ಕೆ ನಾನೇ ಪತ್ರ ಹಿಡಿದು ಬಂದಿದ್ದೆ. ಗೇಟಿನಲ್ಲಿದ್ದ ಸೆಕ್ಯೂರಿಟಿಯ ಹೆಸರು ಶರಣಬಸವ, ನಮ್ಮ ಕಲಬುರಗಿ ಕಡೆಯವನು. ನನ್ನ ಮಾತು ಕೇಳಿದ್ದೇ ಕುರ್ಚಿ ಬಿಟ್ಟುಕೊಟ್ಟ. ಪತ್ರ ಮಾತ್ರ ಮುಟ್ಟಲಿಲ್ಲ. "ಅಕ್ಕಾರ, ಯಾರ ಕಾಗದಾನೂ ಒಳಗ ಒಯ್ಯಬ್ಯಾಡ ಅಂತ ಹೇಳ್ಯಾರ್ರಿ. ತೊಗೊಂಡ್ರ ನನ್ನ ನೌಕರಿ ಹೋಗ್ತದ್ರಿ" ಎಂದು ಕೈ ಮುಗಿದ. ಅವನ ನೌಕರಿ ಕಳೆಯುವ ಮನಸ್ಸಾಗಲಿಲ್ಲ. ನಿಮ್ಮನ್ನು ನಂಬಿ ನಾನು ಕಳೆದದ್ದೇ ಸಾಕು. ಅದಕ್ಕಾಗಿ ಈ ಪತ್ರ ಪತ್ರಿಕೆಯ ಮೂಲಕ ಬರುತ್ತಿದೆ.

ಕನ್ನಡದಲ್ಲಿ ಏಕೆ ಎಂದು ತಾವು ಕೇಳಬಹುದು. ತಮಗೆ ಕನ್ನಡ ಬರುತ್ತದೆ ಎಂದು ತಾವೇ ಎಷ್ಟೋ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದೀರಿ. ಓದಲು ಬಾರದಿದ್ದರೂ ಯಾರಾದರೂ ಓದಿದರೆ ತಿಳಿಯುತ್ತದೆ. ಅಲ್ಲದೆ, ಈ ಭಾನುವಾರ ಹಲಸೂರಿನ ಸಭಾಂಗಣದಲ್ಲಿ ತಮಗೆ ಶಾಲು ಹೊದಿಸಿ ಪೇಟ ತೊಡಿಸುವವರು ಕನ್ನಡದವರು. ತಾವು ಯಾರೆಂದು ಅವರಿಗೆ ಪೂರ್ತಿ ಗೊತ್ತಿಲ್ಲ. ಆಫ್ರಿಕಾದ ಒಂದು ಪುಟ್ಟ ದೇಶವನ್ನು ಎರಡು ದಶಕ ಆಳಿದ ದೊಡ್ಡ ಮನುಷ್ಯರು ನಮ್ಮ ಊರಿನಲ್ಲಿ ಓದಿದವರು ಎಂಬಷ್ಟೇ ಅವರ ಸಂಭ್ರಮ. ತಮ್ಮ ದೇಶದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಆ ದೇಶದ ಜನ ಒಳ್ಳೆಯವರು, ಅವರು ಅನುಭವಿಸಿದ್ದರ ಮೇಲೆ ನನ್ನದೊಂದು ಅವಮಾನ ಬೇಡ.

ಓದುವವರಿಗಾಗಿ ನನ್ನ ಪರಿಚಯವನ್ನೂ ಹೇಳಿಬಿಡುತ್ತೇನೆ. ನಾನು ಗುರುದೇವಿ, ಹಲಸೂರಿನ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷಗಳಿಂದ ಕನ್ನಡ ಪಾಠ ಮಾಡುತ್ತಿದ್ದೇನೆ. ನಮ್ಮ ತಂದೆ ಗುರುಶಾಂತಪ್ಪ ಕಾರ್ಖಾನೆಯ ಕೆಲಸಕ್ಕೆಂದು ಕಲಬುರಗಿಯಿಂದ ಬಂದು ಲಿಂಗರಾಜಪುರದಲ್ಲಿ ಮನೆ ಕಟ್ಟಿದರು. ಹಿತ್ತಲಲ್ಲಿ ಒಂದು ಕೋಣೆ, ಅದಕ್ಕೊಂದು ಶೀಟಿನ ಚಾವಣಿ. ನಾನು ಒಂಬತ್ತನೆಯ ಕ್ಲಾಸಿನಲ್ಲಿದ್ದ ವರ್ಷ ಆ ಕೋಣೆಗೆ ತಾವಿಬ್ಬರೂ ಬಂದಿರಿ. ಬೀದಿಗೆ ಆಗ ಟಾರು ಬಿದ್ದಿರಲಿಲ್ಲ. ಕರಿಯರಿಗೆ ಮನೆ ಕೊಟ್ಟಿದ್ದೀರಲ್ಲ ಎಂದು ಆಡಿಕೊಂಡವರು ಬೀದಿಯಲ್ಲಿ ಇಬ್ಬರು ಮೂವರಿದ್ದರು. ಅವರಿಗೆ ಅಪ್ಪ ಉತ್ತರ ಕೊಡಲು ಹೋಗಲಿಲ್ಲ. ಅವ್ವ ಹೋದಳು. "ನಮ್ಮ ಹೊಲದ ಮಣ್ಣೂ ಕರೀದೇ ಅದ, ಅದರಾಗ ಬೆಳೆದ ಜ್ವಾಳ ನೀವು ತಿನ್ನಂಗಿಲ್ಲೇನು?" ಎಂದು ಕೇಳಿ ಬಂದಳು. ಅಲ್ಲಿಗೆ ಆ ಮಾತು ನಿಂತಿತು.

ನಮ್ಮ ಅವ್ವ ಜಟ್ಟೆಮ್ಮನಿಗೆ ನಿಮ್ಮ ಹೆಸರು ನಾಲಿಗೆ ಮೇಲೆ ಹೊರಳುತ್ತಿರಲಿಲ್ಲ. ಅದಕ್ಕೆ ನಿಮ್ಮನ್ನು ತಮ್ಮಾ ಎನ್ನುತ್ತಿದ್ದಳು. ಕ್ಲೆಮಂಟಣ್ಣನ ಹೆಸರು ಕ್ಯಾಂಟೋನ್ಮೆಂಟಿನ ಕಡೆ ಕೇಳಿ ಗೊತ್ತಿದ್ದದ್ದರಿಂದ ಸುಲಭವಾಯಿತು. ಇಬ್ಬರೂ ಭಾನುವಾರಗಳಲ್ಲಿ ಶಿವಾಜಿನಗರದಿಂದ ಜೋಳದ ಚೀಲ ಹೊತ್ತು ತರುತ್ತಿದ್ದಿರಿ. ಅವಳ ಒಲೆಯ ಮುಂದೆ ಕೂತು ಕೂತು, ಬೆಂಗಳೂರಿನಲ್ಲಿದ್ದುಕೊಂಡು ಅಪ್ಪಟ ಕಲಬುರಗಿ ಕನ್ನಡ ಕಲಿತಿರಿ. "ಅವ್ವಾ, ಹಸಿವಿ ಆಗ್ಯಾದ" ಎಂದು ನೀವು ಬಾಗಿಲಲ್ಲಿ ನಿಂತರೆ ಪಕ್ಕದ ಮನೆಯ ಚಾಂದ್ ಬೀ ಗೋಡೆಯಾಚೆಯಿಂದ ಬಿದ್ದು ಬಿದ್ದು ನಗುತ್ತಿದ್ದರು. ಆ ದಿನಗಳನ್ನು ನೆನೆದರೆ ಈಗಲೂ ನನಗೆ ನಿಮ್ಮ ಮೇಲೆ ಅಕ್ಕರೆ ಬರುತ್ತದೆ, ಅದೇ ನನ್ನ ದುಃಖ. ನಿಮ್ಮನ್ನು ಪೂರ್ತಿಯಾಗಿ ದ್ವೇಷಿಸುವ ಭಾಗ್ಯ ನಿಮ್ಮ ದೇಶದ ಅರ್ಧ ಜನಕ್ಕಿದೆ, ನನಗಿಲ್ಲ.

ತಮ್ಮ ಮೊದಲ ಅಧ್ಯಕ್ಷ ಪದವಿ ಯಾವುದೆಂದು ತಮ್ಮ ಆತ್ಮಕಥೆಯಲ್ಲಿ ಬರೆದಿಲ್ಲ, ನಾನು ಬರೆಯುತ್ತೇನೆ. ವಿದೇಶಿ ವಿದ್ಯಾರ್ಥಿಗಳ ಒಂದು ಸಂಘವಿತ್ತು. ನಲವತ್ತಮೂರು ಜನ ಸದಸ್ಯರು, ಒಂದು ಕೇರಂ ಬೋರ್ಡು, ಒಂದು ರಬ್ಬರ್ ಸ್ಟಾಂಪು. ಅಧ್ಯಕ್ಷನಾದವನು ಒಂದೇ ವರ್ಷ ಇರಬೇಕೆಂಬ ನಿಯಮ. ತಾವು ಅಧ್ಯಕ್ಷರಾದಿರಿ, ಚೆನ್ನಾಗಿಯೇ ಮಾಡಿದಿರಿ. ಜ್ವರ ಬಂದ ಹುಡುಗರಿಗೆ ಆಸ್ಪತ್ರೆ, ಬಾಡಿಗೆ ಮನೆ ಸಿಗದವರಿಗೆ ಮನೆ ಎಲ್ಲ ಓಡಾಡಿ ಮಾಡಿಸಿದಿರಿ. ವರ್ಷ ಮುಗಿಯುತ್ತಲೇ ನಿಯಮ ಬದಲಾಯಿಸಿ ಎರಡನೆಯ ವರ್ಷಕ್ಕೂ ಕೂತಿರಿ. ಕ್ಲೆಮಂಟಣ್ಣ ಅದನ್ನು ಖಂಡಿಸಿ ಒಂದು ಹಾಳೆ ಬರೆದು ಕಾಲೇಜಿನ ನೋಟಿಸ್ ಬೋರ್ಡಿಗೆ ಅಂಟಿಸಿದ. ಆ ಸಂಜೆ ನಮ್ಮ ಹಿತ್ತಲಿನಲ್ಲಿ ನೀವಿಬ್ಬರೂ ಹೊಡೆದಾಡಿಕೊಂಡಿರಿ. ಅವನ ಕನ್ನಡಕ ಮುರಿಯಿತು, ನಿಮ್ಮ ತುಟಿ ಒಡೆಯಿತು.

ಅಪ್ಪ ಕೋಣೆ ಖಾಲಿ ಮಾಡಿ ಎಂದು ಕೂಗಾಡಿದರು. ಅವ್ವ ಒಲೆಯ ಮೇಲೆ ರೊಟ್ಟಿಯ ಹೆಂಚಿಟ್ಟಳು. ಅವಳ ತವರಿನಲ್ಲಿ ಅಣ್ಣತಮ್ಮಂದಿರು ಜಗಳವಾಡಿದರೆ ಅನುಸರಿಸುತ್ತಿದ್ದ ಒಂದು ಪದ್ಧತಿಯಿತ್ತು, ಅದನ್ನು ಅವಳು ನಮ್ಮ ಮನೆಗೂ ತಂದಿದ್ದಳು. ಜಗಳವಾಡಿದ ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸಬೇಕು. ಹೆಂಚಿನಿಂದ ಇಳಿದ ಒಂದು ರೊಟ್ಟಿಯನ್ನು ಹರಿದು ಎರಡು ತಟ್ಟೆಗೆ ಅರ್ಧರ್ಧ ಹಾಕಬೇಕು. ಇಬ್ಬರೂ ಉಂಡು ಮುಗಿಸುವ ತನಕ ಒಬ್ಬನೂ ಏಳುವ ಹಾಗಿಲ್ಲ. ಕೈ ತೊಳೆದ ಮೇಲೆ ಆ ಜಗಳದ ಮಾತನ್ನು ಸಾಯುವ ತನಕ ಎತ್ತುವ ಹಾಗಿಲ್ಲ, ಒಬ್ಬರಿಗೊಬ್ಬರು ಕೇಡು ಬಗೆಯುವ ಹಾಗಿಲ್ಲ.

"ಇಬ್ಬರೂ ಕುಂದರ್ರಿ. ಉಂಡಾದ ಮ್ಯಾಲ ಮಾತು" ಎಂದಳು ಅವ್ವ.

ನಿಮ್ಮ ತುಟಿಯಲ್ಲಿ ರಕ್ತ ಇತ್ತು, ಶೇಂಗಾ ಹಿಂಡಿಯ ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಕ್ಲೆಮಂಟಣ್ಣ ಕನ್ನಡಕವಿಲ್ಲದೆ ತಟ್ಟೆ ತಡಕಾಡುತ್ತಿದ್ದ. ನೀವು ಅವನ ಕೈ ಹಿಡಿದು ರೊಟ್ಟಿಯ ಮೇಲಿಟ್ಟಿರಿ. ನಾನು ಕಂಬಕ್ಕೊರಗಿ ನಿಂತು ನೋಡುತ್ತಿದ್ದೆ. ನೀವಿಬ್ಬರೂ ಇದ್ದಕ್ಕಿದ್ದಂತೆ ನಗಲು ಶುರು ಮಾಡಿದಿರಿ. ಮರುದಿನ ಶಿವಾಜಿನಗರಕ್ಕೆ ಹೋಗಿ ಹೊಸ ಕನ್ನಡಕ ಮಾಡಿಸಿಕೊಟ್ಟವರೂ ನೀವೇ. ಅವನೂ ಆ ಹಾಳೆಯ ಮಾತೆತ್ತಲಿಲ್ಲ. ನೀವು ಎರಡನೆಯ ವರ್ಷವೂ ಅಧ್ಯಕ್ಷರಾಗಿ ಮುಂದುವರಿದಿರಿ.

ಓದು ಮುಗಿಸಿ ಇಬ್ಬರೂ ಊರಿಗೆ ಹೊರಟಿರಿ. ಆಮೇಲಿನ ಕಥೆ ನಮಗೆ ಬಂದದ್ದು ಕಾಗದಗಳಲ್ಲಿ, ಪತ್ರಿಕೆಯ ಮೂಲೆಗಳಲ್ಲಿ. ನೀವು ಮೇಷ್ಟರಾದಿರಿ, ಪಕ್ಷ ಸೇರಿದಿರಿ, ಜೈಲಿಗೆ ಹೋದಿರಿ, ಮಂತ್ರಿಯಾದಿರಿ. ಕೊನೆಗೊಂದು ದಿನ ರಾಷ್ಟ್ರದ ಅಧ್ಯಕ್ಷರೇ ಆಗಿಬಿಟ್ಟಿರಿ. ಅವತ್ತು ಅವ್ವ ಇಡೀ ಬೀದಿಗೆ ಗೋಧಿ ಹುಗ್ಗಿ ಹಂಚಿದಳು. "ಜಟ್ಟೆಮ್ಮಾ, ನಿಮ್ದು ಮಗ ರಾಜಾ ಆಗ್ಬಿಟ್ಟ ನೋಡಿ!" ಎಂದು ಚಾಂದ್ ಬೀ ಅವಳ ಕೈ ಹಿಡಿದು ಕುಣಿದರು. ಪ್ರತಿ ದೀಪಾವಳಿಗೂ ತಪ್ಪದೆ ತಮ್ಮ ಫೋನ್ ಬರುತ್ತಿತ್ತು. ಒಂದು ದೇಶದ ಅಧ್ಯಕ್ಷ ತನ್ನ ಖಾಸಗಿ ನಂಬರು ಕೊಟ್ಟು "ಯಾವಾಗರ ಮಾಡವ್ವಾ" ಎಂದನೆಂದು ಅವ್ವ ಅದನ್ನು ದೇವರ ಕೋಣೆಯ ಗೋಡೆಗೆ ಬರೆಸಿದ್ದಳು.

ಸತ್ಯವನ್ನೇ ಹೇಳಬೇಕು, ತಾವು ಒಳ್ಳೆಯದನ್ನೂ ಮಾಡಿದಿರಿ. ನಮ್ಮ ಬೀದಿಯ ಕೊನೆಯಲ್ಲಿ ತಮ್ಮ ದೇಶದ ಒಬ್ಬಳು ನರ್ಸಿಂಗ್ ಓದುವ ಹುಡುಗಿ ಇದ್ದಾಳೆ. ತಮ್ಮ ವಿರುದ್ಧ ನಾನು ಒಂದು ಮಾತು ಆಡಿದ್ದಕ್ಕೆ ಅವಳ ಮುಖ ಕೆಂಡವಾಯಿತು. ತಾನು ಹುಟ್ಟಿದ ಹಳ್ಳಿಗೆ ಶಾಲೆ, ದವಾಖಾನೆ, ಕುಡಿಯುವ ನೀರು ತಂದವರು ನೀವೇ, ನೀವಿಲ್ಲದಿದ್ದರೆ ತನ್ನ ತಾಯಿ ಹೆರಿಗೆಯಲ್ಲಿ ಸಾಯುತ್ತಿದ್ದಳು ಎಂದಳು. ನಾನು ಅವಳೊಂದಿಗೆ ವಾದ ಮಾಡಲಿಲ್ಲ. ಅವಳ ತಾಯಿ ಬದುಕಿದ್ದು ನಿಜ. ಆದರೆ ದವಾಖಾನೆ ಕಟ್ಟಿಸಿದ ಕೈಗೆ ಮನುಷ್ಯರನ್ನು ಮಾಯ ಮಾಡುವ ರಿಯಾಯಿತಿ ಯಾರು ಕೊಟ್ಟರು ಸ್ವಾಮಿ? ಎಷ್ಟು ಶಾಲೆಗೆ ಒಬ್ಬ ಮನುಷ್ಯ ಎಂದು ತಮ್ಮ ಸಂವಿಧಾನದಲ್ಲಿ ಏನಾದರೂ ಬರೆದಿತ್ತೇ?

ಬರೆದಿದ್ದರೂ ತಾವು ತಿದ್ದುತ್ತಿದ್ದಿರಿ ಬಿಡಿ. ಎರಡು ಅವಧಿ ಮುಗಿಯುವ ಹೊತ್ತಿಗೆ ಮೂರನೆಯದಕ್ಕೆ ಸಂವಿಧಾನ ಬದಲಾಯಿತು. ಆ ಸುದ್ದಿ ಓದಿದ ದಿನ ನನಗೆ ಕೇರಂ ಬೋರ್ಡಿನ ಸಂಘ ನೆನಪಾಗಿ ನಗು ಬಂತು. ಕ್ಲೆಮಂಟಣ್ಣ ಅಷ್ಟರಲ್ಲಿ ಒಂದು ಪತ್ರಿಕೆ ನಡೆಸುತ್ತಿದ್ದ. ಹುಡುಗನಾಗಿದ್ದಾಗ ಮಾಡಿದ್ದನ್ನೇ ಮತ್ತೆ ಮಾಡಿದ, ಖಂಡಿಸಿ ಬರೆದ. ಈ ಸಲ ನೀವು ಹಿತ್ತಲಿಗೆ ಬಂದು ಹೊಡೆದಾಡಲಿಲ್ಲ. ಪತ್ರಿಕೆಯ ಬಾಗಿಲಿಗೆ ಬೀಗ ಬಿತ್ತು, ಅವನ ಇಬ್ಬರು ಸಹೋದ್ಯೋಗಿಗಳು ಜೈಲು ಸೇರಿದರು. ಅವನು ಗಡಿ ದಾಟಿ, ಎಲ್ಲೆಲ್ಲೋ ಅಲೆದು, ಒಂದು ಮಧ್ಯಾಹ್ನ ನಮ್ಮ ಗೇಟಿನ ಮುಂದೆ ಬಂದು ನಿಂತ. ತಲೆ ಬೆಳ್ಳಗಾಗಿತ್ತು. "ಅವ್ವಾ, ಕೋಣಿ ಖಾಲಿ ಅದಯೇನು?" ಎಂದ.

ಎಂಟು ತಿಂಗಳು ಅವನು ಆ ಹಳೆಯ ಕೋಣೆಯಲ್ಲೇ ಇದ್ದ. ಬೀದಿಯ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದ, ಅವ್ವನ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದ. ನನ್ನ ಯಜಮಾನರು ಬಸವಪ್ರಭು ಅವನ ವೀಸಾಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದರು. ಅವಧಿ ಮುಗಿಯಲು ಮೂರು ವಾರವಿತ್ತು. ಅತ್ತ ಅವನ ಹೆಂಡತಿಗೆ ಕಾಯಿಲೆ, ಹದಿನೈದು ವರ್ಷದ ಮಗಳು ಮಿರಿಯಂ ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ಫೋನಿನಲ್ಲಿ ಆ ಹುಡುಗಿ ಅಳುವುದು ಕೋಣೆಯ ಹೊರಗೂ ಕೇಳುತ್ತಿತ್ತು.

ಈಗ ನಾನು ಮಾಡಿದ ತಪ್ಪನ್ನು ಹೇಳುತ್ತೇನೆ. ಇದು ನನ್ನದೇ ತಪ್ಪು, ಅವ್ವನ ಮೇಲೆ ಹಾಕುವುದಿಲ್ಲ. ಅವರಿಬ್ಬರೂ ಅರ್ಧರ್ಧ ರೊಟ್ಟಿ ಉಂಡವರು, ಒಬ್ಬ ಇನ್ನೊಬ್ಬನಿಗೆ ಕೇಡು ಬಗೆಯುವುದುಂಟೇ ಎಂದು ನಾನೇ ಅವಳ ಮುಂದೆ ಮಾತು ತೆಗೆದೆ. ಇತಿಹಾಸ ಓದಿದ ಮೇಷ್ಟರು ಯಾರಾದರೂ ಇಂಥ ದಡ್ಡತನ ಮಾಡುತ್ತಾರೆಯೇ? ಸೈನ್ಯ, ಪೊಲೀಸು, ಗೂಢಚಾರರು ಇರುವ ಒಬ್ಬ ರಾಷ್ಟ್ರಾಧ್ಯಕ್ಷನನ್ನು ಮೂವತ್ತು ವರ್ಷದ ಹಿಂದಿನ ಅರ್ಧ ರೊಟ್ಟಿ ಕಟ್ಟಿಹಾಕುತ್ತದೆ ಎಂದು ನಂಬಿದೆವು. ನಮ್ಮ ಮನೆಯಲ್ಲಿ ಹುಟ್ಟಿದವರು ಮಾತ್ರ ಹಾಗೆ ನಂಬಬಲ್ಲರು.

ಅವ್ವ ಭಾನುವಾರ ಊಟದ ಹೊತ್ತಿಗೆ ಗೋಡೆಯ ಮೇಲಿನ ನಂಬರಿಗೆ ಫೋನ್ ಮಾಡಿಸಿದಳು. ನಾನು ಸ್ಪೀಕರ್ ಹಾಕಿದೆ. ಕ್ಲೆಮಂಟಣ್ಣ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ.

"ತಮ್ಮಾ, ಕ್ಲೆಮಂಟ ಇಲ್ಲೇ ಹಾನ. ಹೇಣ್ತಿಗಿ ಆರಾಮಿಲ್ಲ, ಮನಿಗಿ ಹೋಗಬೇಕಂತಾನ. ನೀ ಏನೂ ಮಾಡಂಗಿಲ್ಲಲ್ಲ?"

ನೀವು ಅದೇ ಹಳೆಯ ಕನ್ನಡದಲ್ಲಿ ಹೇಳಿದಿರಿ: "ಅವ್ವಾ, ಅಂವ ಬರ್ಲಿ. ನಾ ಏರ್‌ಪೋರ್ಟಿಗಿ ಕಾರ್ ಕಳಸ್ತೀನಿ. ನೀ ಅಂಜಬ್ಯಾಡ. ಅಂವ ನನ್ನ ಅಣ್ಣ ಅಲ್ಲೇನು?"

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಹೊರಗೆ ಓಡಿ ಹೇಳಿದೆ. ಕ್ಲೆಮಂಟಣ್ಣ ನನ್ನ ಮುಖ ನೋಡುತ್ತಾ, "ಗುರುದೇವಿ, ಅಂವ ನಿಮಗ ತಮ್ಮ. ನನಗ ಅಂವ ಪ್ರೆಸಿಡೆಂಟ್" ಎಂದ. ನಾನು ರೇಗಿದೆ. "ನೀನೂ ಸ್ವಲ್ಪ ಬಗ್ಗೋದು ಕಲ್ತ್ಕೋ ಅಣ್ಣಾ, ಮಿರಿಯಂ ಮುಖ ನೋಡು" ಎಂದೆ. ಟಿಕೆಟ್ಟನ್ನು ನಾನೇ ಬುಕ್ ಮಾಡಿದೆ. ಅವನಿಗೆ ಇಷ್ಟವಿರಲಿಲ್ಲ. ಅವ್ವ ಹೇಳಿದಳಲ್ಲ ಎಂದು ಹೊರಟ, ನಾನು ರೇಗಿದೆನಲ್ಲ ಎಂದು ಹೊರಟ.

ಅವ್ವ ಎರಡು ದಿನ ಕೂತು, ದಾರಿಯಲ್ಲಿ ಕೆಡದ ಹಾಗೆ ಒಣಗಿಸಿದ ಕಟಕ ರೊಟ್ಟಿ ಬಡಿದಳು. ಶೇಂಗಾ ಹಿಂಡಿ, ಪುಂಡಿಕಾಯಿ ಚಟ್ನಿ ಸೇರಿಸಿ ಒಂದು ಬಿಳಿ ಪಂಚೆಯಲ್ಲಿ ಬುತ್ತಿ ಕಟ್ಟಿದಳು. "ಇದು ಒಬ್ಬನೇ ತಿನ್ನೋದಲ್ಲಪಾ. ಅಂವನ ಜೋಡಿ ಕೂತು ಇಬ್ಬರೂ ಉಣ್ರಿ" ಎಂದು ಅವನ ಕೈಗೆ ಕೊಟ್ಟಳು. ಅವಳು ನಿಮಗೆ ಕಳಿಸಿದ್ದು ಅದೊಂದೇ ಬುತ್ತಿ. ಅದಕ್ಕೆ ಮೊದಲು ಕಳಿಸಿರಲಿಲ್ಲ, ಆಮೇಲೆ ಕಳಿಸಲಿಲ್ಲ. ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ.

ಕಾರು ಬಂದಿತ್ತು. ಆ ಮಾತನ್ನು ತಾವು ಉಳಿಸಿಕೊಂಡಿರಿ. ವಿಮಾನದಿಂದಿಳಿದವನು "ಕಾರು ಬಂದಿದೆ, ಹತ್ತುತ್ತಿದ್ದೇನೆ" ಎಂದು ಮಗಳಿಗೆ ಮೆಸೇಜು ಹಾಕಿದ. ಅದೇ ಅವನ ಕೊನೆಯ ಮಾತು. ಮಿರಿಯಂ ಬಾಗಿಲು ತೆಗೆದಿಟ್ಟುಕೊಂಡು ಕಾದಳು. ನಾಲ್ಕು ದಿನವಾದ ಮೇಲೆ ನಮಗೆ ಫೋನ್ ಮಾಡಿದಳು. ನಾವು ನಿಮಗೆ ಮಾಡಿದೆವು, ನಂಬರು ಚಾಲ್ತಿಯಲ್ಲಿರಲಿಲ್ಲ. ಆ ದೀಪಾವಳಿಗೆ ನಿಮ್ಮ ಫೋನ್ ಬರಲಿಲ್ಲ. ಮುಂದಿನ ದೀಪಾವಳಿಗೂ ಬರಲಿಲ್ಲ.

ಅವ್ವ ಆಮೇಲೆ ಎರಡು ವರ್ಷ ಬದುಕಿದ್ದಳು. ಬುತ್ತಿ ಕಟ್ಟಿದ ದಿನವೇ ಕೊನೆ, ಮತ್ತೆ ಹೆಂಚಿಡಲಿಲ್ಲ, ರೊಟ್ಟಿ ಮುಟ್ಟಲಿಲ್ಲ. ಹುಟ್ಟಿದಂದಿನಿಂದ ಜೋಳ ತಿಂದು ಬೆಳೆದ ಕಲಬುರಗಿಯ ಹೆಂಗಸು ಕಡೆಗಾಲದಲ್ಲಿ ಅನ್ನ ಮಜ್ಜಿಗೆ ಉಂಡು ದಿನ ದೂಡಿದಳು. ಹಲ್ಲಿಲ್ಲವೆಂದು ಬಂದವರಿಗೆ ಹೇಳುತ್ತಿದ್ದಳು. ಹಲ್ಲು ಗಟ್ಟಿಯಾಗಿದ್ದವು. ಸಾಯುವ ವಾರ ನನ್ನ ಕೈ ಹಿಡಿದು, "ನನ್ನ ಕೈಲಿಂದ ಅಂವನ್ನ ಕಳಿಸಿದೆನವ್ವಾ" ಎಂದಳು. ಟಿಕೆಟ್ ಬುಕ್ ಮಾಡಿದವಳು ನಾನು ಎಂದೆ. ತಾಯಿ ಮಗಳು ಇಬ್ಬರೂ ಆ ಪಾಪವನ್ನು ನನ್ನದು ನನ್ನದು ಎಂದು ಎಳೆದಾಡಿಕೊಂಡೆವು. ಅದಕ್ಕೆ ನಿಜವಾದ ವಾರಸುದಾರರು ನೀವಿದ್ದಿರಿ, ಅರಮನೆಯಲ್ಲಿದ್ದಿರಿ.

ಮೂರು ವರ್ಷದ ಹಿಂದೆ ತಮ್ಮ ಜನ ತಮ್ಮನ್ನು ಕೆಳಗಿಳಿಸಿದರು. ಹೊಸ ಸರ್ಕಾರ ಕಾಣೆಯಾದವರ ಬಗ್ಗೆ ಒಂದು ವಿಚಾರಣಾ ಆಯೋಗ ಮಾಡಿತು. ಮುನ್ನೂರ ಹನ್ನೊಂದು ಹೆಸರು. ಕ್ಲೆಮಂಟಣ್ಣನ ಹೆಸರಿನ ಮುಂದೆ ತಮ್ಮ ಕಾಲದ ದಾಖಲೆಯಲ್ಲಿ ಏನಿದೆ ಗೊತ್ತೇ? ದೇಶ ಬಿಟ್ಟು ಹೋದವನು, ಮರಳಿ ಬಂದ ದಾಖಲೆಯಿಲ್ಲ, ಕೊನೆಯ ವಿಳಾಸ ಲಿಂಗರಾಜಪುರ, ಬೆಂಗಳೂರು ಎಂದಿದೆ. ನಮ್ಮ ಮನೆಯ ನಂಬರು, ನಮ್ಮ ಅಡ್ಡರಸ್ತೆ, ಪಿನ್‌ಕೋಡ್ ಸಮೇತ. ಮಿರಿಯಂ ತೋರಿಸಿದ ಮೆಸೇಜು ಯಾರು ಬೇಕಾದರೂ ಬರೆದಿರಬಹುದು ಎಂದು ತಮ್ಮ ವಕೀಲರು ವಾದಿಸಿದರು. ತಾವು ಆಯೋಗದ ಮುಂದೆ "ನನಗೆ ನೆನಪಿಲ್ಲ" ಎಂದಿರಿ. ಅಂದರೆ ಸರ್ಕಾರಿ ಲೆಕ್ಕದಲ್ಲಿ ಅವನು ಮಾಯವಾದದ್ದು ನಮ್ಮ ಹಿತ್ತಲಲ್ಲಿ. ಮಿರಿಯಂಗೆ ತಂದೆಯ ಮರಣಪತ್ರವಿಲ್ಲ, ತಾಯಿ ತೀರಿಕೊಂಡಾಗ ಪಕ್ಕದಲ್ಲಿ ಮಣ್ಣು ಮಾಡಲು ಅವನ ಗೋರಿಯೂ ಇರಲಿಲ್ಲ.

ಇಷ್ಟಾದರೂ ನನ್ನಲ್ಲಿ ಪುರಾವೆ ಇರಲಿಲ್ಲ. ಅದನ್ನು ತಾವೇ ಒದಗಿಸಿಕೊಟ್ಟಿರಿ, ಅದಕ್ಕೆ ಕೃತಜ್ಞಳು. ಸೋಮವಾರ ನಿಮ್ಮ ಕಾರ್ಯದರ್ಶಿಯವರು ಫೋನ್ ಇಟ್ಟ ಮೇಲೆ ಒಬ್ಬ ಡೆಲಿವರಿಯವನ ಕೈಯಲ್ಲಿ ತಮ್ಮ ಆತ್ಮಕಥೆಯನ್ನು ಕಳಿಸಿದರು. ಬೆಂಗಳೂರಿನ ಅಧ್ಯಾಯಕ್ಕೆ ಕೆಂಪು ದಾರ ಇಟ್ಟಿದ್ದರು. ಓದಿದೆ. ಅರ್ಧ ರೊಟ್ಟಿಯ ಕಥೆ ಇದೆ. ರಾಜಿ, ಕ್ಷಮೆ ಎಂದರೇನೆಂದು ತಾವು ಕಲಿತದ್ದು ಆ ಚಾಪೆಯ ಮೇಲೆಯೇ ಅಂತೆ. ಇನ್ನರ್ಧ ತಿಂದವನು ಬರೀ "ಒಬ್ಬ ಸಹಪಾಠಿ" ಆಗಿದ್ದಾನೆ, ಅವನಿಗೆ ಹೆಸರಿಲ್ಲ. ಆಗಲಿ. ಅದೇ ಅಧ್ಯಾಯದ ಕೊನೆಯಲ್ಲಿ, ಆ ಒಣ ರೊಟ್ಟಿಯ ರುಚಿ ಹೊಗಳುತ್ತಾ ಹೀಗೊಂದು ಮಾತು ಬರೆದಿದ್ದೀರಿ. ನನ್ನ ಮೂರನೆಯ ಅವಧಿಯಲ್ಲಿ ಒಮ್ಮೆ ನನ್ನ ಬೆಂಗಳೂರಿನ ತಾಯಿ ಒಬ್ಬ ಪ್ರಯಾಣಿಕನ ಕೈಯಲ್ಲಿ ಬಿಳಿ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ ಕಳಿಸಿದ್ದಳು, ಅರಮನೆಯ ಮೇಜಿನ ಮೇಲೆ ಅದನ್ನು ಬಿಚ್ಚಿ ಒಬ್ಬನೇ ಕೂತು ತಿಂದೆ, ಕಣ್ಣು ತುಂಬಿ ಬಂತು, ಎಂದು.

ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ನಾನು ಬಹಳ ಹೊತ್ತು ಅತ್ತೆ. ಅವ್ವ ಕಟ್ಟಿದ್ದು ಒಂದೇ ಬುತ್ತಿ. ಒಯ್ದವನು ಒಬ್ಬನೇ. ಅವನು ತಮ್ಮ ದೇಶಕ್ಕೆ ಮರಳಲೇ ಇಲ್ಲವಾದರೆ ಆ ರೊಟ್ಟಿ ತಮ್ಮ ಮೇಜಿಗೆ ನಡೆದುಕೊಂಡು ಬಂತೇ? ಅದು ತಮ್ಮ ಕೈ ಸೇರಿದಾಗ ಅದನ್ನು ತಂದವನು ಎಲ್ಲಿದ್ದ? ಪಕ್ಕದ ಕೋಣೆಯಲ್ಲಿದ್ದನೇ, ನೆಲಮಾಳಿಗೆಯಲ್ಲಿದ್ದನೇ, ಆಗಲೇ ಇರಲಿಲ್ಲವೇ? "ಇಬ್ಬರೂ ಕೂಡಿ ಉಣ್ಣಬೇಕಂತೆ" ಎಂದು ಅವನು ಹೇಳಿದನೇ? ತಾವು ಒಬ್ಬರೇ ಹೇಗೆ ತಿಂದಿರಿ? ಒಂದು ತುಂಡಾದರೂ ಅವನಿಗೆ ಕೊಟ್ಟಿರಾ? ಮೊನ್ನೆ ಫೋನಿನಲ್ಲಿ ಮಿರಿಯಂ ಕೇಳಿದ್ದೂ ಅದನ್ನೇ. ನಾನು ಆ ಪುಟವನ್ನು ಓದಿ ಹೇಳಿದೆ. ಅವಳು ಅಳಲಿಲ್ಲ. ಅವತ್ತು ಅಪ್ಪ ಏನಾದರೂ ತಿಂದಿದ್ದನೇ ಎಂದು ಮಾತ್ರ ಕೇಳಿದಳು. ಇಪ್ಪತ್ತಾರು ವರ್ಷದ ಹೆಣ್ಣುಮಗಳು ಆ ಒಂದು ಮಾತಿಗಾಗಿ ಹನ್ನೊಂದು ವರ್ಷ ಕಾದಿದ್ದಾಳೆ.

ಆ ಪುಟದ ಪ್ರತಿ, ಬುತ್ತಿಯ ಬಗ್ಗೆ ನಾನು ನೋಟರಿಯ ಮುಂದೆ ಬರೆದುಕೊಟ್ಟ ಹೇಳಿಕೆ, ಗೋಡೆಯಾಚೆಯಿಂದ ಅದನ್ನು ಕಟ್ಟುವುದನ್ನು ಕಂಡ ಚಾಂದ್ ಬೀಯವರ ಹೆಬ್ಬೆಟ್ಟು, ಮೂರನ್ನೂ ನಿನ್ನೆ ಆಯೋಗಕ್ಕೆ ಕಳಿಸಿದ್ದೇನೆ. ಎಂಬತ್ತೆರಡು ವರ್ಷದ ಚಾಂದ್ ಬೀ ಹೆಬ್ಬೆಟ್ಟು ಒತ್ತಿ, "ಬೇಟೀ, ರಾಜಾ ಆದ ಆ ಹುಡುಗ ನಮ್ ಮನೇಲೂ ಉಂಡಿದಾನೆ, ಕ್ಲೆಮಂಟ್ ಎಲ್ಲಿ ಅಂತ ನಂಗೂ ಹೇಳ್ಬೇಕು ಅವ್ನು" ಎಂದರು. ಆಯೋಗ ಏನು ಮಾಡುತ್ತದೋ ನನಗೆ ತಿಳಿಯದು. ತಮ್ಮನ್ನು ಜೈಲಿಗೆ ಕಳಿಸುವುದು ನನ್ನ ಉದ್ದೇಶವಲ್ಲ. ತಮಗೀಗ ಆರೋಗ್ಯವೂ ಸರಿಯಿಲ್ಲ, ವಾರಕ್ಕೆರಡು ಸಲ ರಕ್ತ ಶುದ್ಧಿ ಮಾಡಿಸಿಕೊಳ್ಳುತ್ತೀರೆಂದು ಪತ್ರಿಕೆಯಲ್ಲಿ ಓದಿದಾಗ ನನ್ನ ಹಾಳು ಕರುಳು ಚುರ್ ಎಂದಿತು.

ನಾನು ಕೇಳುವುದು ಇಷ್ಟೇ. ಆ ಪ್ರಯಾಣಿಕನ ಹೆಸರನ್ನು ತಮ್ಮ ಬಾಯಿಂದ, ತಮ್ಮ ದೇಶದ ಆಯೋಗದ ಮುಂದೆ ಹೇಳಿ. ಅವನನ್ನು ಎಲ್ಲಿ ಇಟ್ಟಿದ್ದೀರೋ ಆ ಜಾಗ ಹೇಳಿ. ನಮ್ಮ ಮನೆಯ ವಿಳಾಸವನ್ನು ಅವನ ಹೆಸರಿನ ಮುಂದಿನಿಂದ ತೆಗೆಸಿ. ಭಾನುವಾರ ಶಾಲು ಹೊದಿಸುವವರೂ ಹೊದಿಸುವ ಮೊದಲು ಇದೊಂದು ಪ್ರಶ್ನೆ ಕೇಳಲಿ.

ಶನಿವಾರ ಬನ್ನಿ. ಫೋಟೋಗ್ರಾಫರುಗಳೂ ಬರಲಿ, ಅಡ್ಡಿಯಿಲ್ಲ. ಇಳಕಲ್ ಸೀರೆ ಅವ್ವನದೇ ಇದೆ, ಉಟ್ಟುಕೊಂಡಿರುತ್ತೇನೆ. ಅವಳ ಹೆಂಚನ್ನು ಅಟ್ಟದಿಂದ ಇಳಿಸಿ ತೊಳೆದಿದ್ದೇನೆ. ಬಾಗಿಲಲ್ಲಿ ಅದೇ ಜಾಗದಲ್ಲಿ ಚಾಪೆ ಹಾಸಿ ಎರಡು ತಟ್ಟೆ ಇಟ್ಟಿರುತ್ತೇನೆ. ಒಂದೇ ರೊಟ್ಟಿ ಬಡಿದು ಅರ್ಧರ್ಧ ಬಡಿಸುತ್ತೇನೆ. ಪದ್ಧತಿ ತಮಗೆ ನೆನಪಿರಬೇಕು, ಪುಸ್ತಕದಲ್ಲೇ ಬರೆದಿದ್ದೀರಿ. ಪಕ್ಕದವನು ಉಂಡು ಮುಗಿಸುವ ತನಕ ತಾವು ಏಳುವ ಹಾಗಿಲ್ಲ.

ಇಂತಿ,
ಒಂದು ಕಾಲಕ್ಕೆ ತಮ್ಮನ್ನು ಅಣ್ಣಾ ಎಂದು ಕರೆದವಳು,
ಇನ್ನೊಬ್ಬ ಅಣ್ಣನಿಗೆ ತನ್ನ ಕೈಯಾರೆ ಟಿಕೆಟ್ ಬುಕ್ ಮಾಡಿಕೊಟ್ಟವಳು,
ಗುರುದೇವಿ
(ಅವನ ಕೊನೆಯ ವಿಳಾಸದಿಂದ)